ನಾಯಿಯ ಮೊಣಕಾಲು: ಶಸ್ತ್ರಕ್ರಿಯೆಯೋ, ಆರೈಕೆಯೋ?

(ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಕಾರ್ಮಿಕರ ಸಂಘದ ವೇದಿಕೆಯ ಮೇಲೆ ನಾಯಿಯ ಮೊಣಕಾಲಿನ ವಿಷಯವೇ ಎಂದು ಸೂಚನಾಫಲಕ ನೋಡಿದ ಕೆಲವರು ನಕ್ಕರೆಂದು ಕೇಳಿದ್ದೇವೆ. ನಗಲಿ, ತಪ್ಪೇನೂ ಇಲ್ಲ. ಪಗಾರ, ಬೋನಸ್ಸು, ಖೋಲಿಯ ಬಾಡಿಗೆ, ಊರಿಗೆ ಕಳುಹಿಸುವ ಹಣ, ಮಕ್ಕಳ ಶಾಲೆಯ ಫೀಸು ಎಂದು ನಮ್ಮ ತಲೆಯ ಮೇಲಿರುವ ಹೊರೆ ಸಣ್ಣದಲ್ಲ. ಇಷ್ಟರ ನಡುವೆ ನಾಯಿಯ ಕಾಲಿಗೆ ಎಲ್ಲಿ ಜಾಗ ಎಂದು ಕೇಳುವುದು ಸಹಜವೇ.

ಆದರೆ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಹೋದ ವರ್ಷ ನಮ್ಮ ಇಬ್ಬರು ಸದಸ್ಯರು ಕೆಲವು ತಿಂಗಳ ಅಂತರದಲ್ಲಿ ಸಂಘದ ಕಚೇರಿಗೆ ಬಂದು ಸಾಲ ಕೇಳಿದರು. ಇಬ್ಬರೂ ಮನೆಯಲ್ಲಿ ನಾಯಿ ಸಾಕಿದವರು. ಇಬ್ಬರ ನಾಯಿಯೂ ಹಿಂಗಾಲು ಕುಂಟುತ್ತಿತ್ತು. ಇಬ್ಬರಿಗೂ ಚಾಳಿನ ಅಕ್ಕಪಕ್ಕದವರು ಎರಡೆರಡು ಬಗೆಯ ಬುದ್ಧಿ ಹೇಳಿದ್ದರು. "ಕೂಡಲೇ ಆಪರೇಶನ್ ಮಾಡಿಸದಿದ್ದರೆ ಪ್ರಾಣಿ ಜನ್ಮವಿಡೀ ಕುಂಟುತ್ತದೆ" ಎಂದು ಹೆದರಿಸಿದವರು ಕೆಲವರು. "ನಾಯಿಗೆ ಎಂಥ ಆಪರೇಶನ್ ಮಾರಾಯರೇ, ತಾನಾಗಿ ಸರಿಹೋಗುತ್ತದೆ" ಎಂದು ಕೈಬೀಸಿದವರು ಇನ್ನು ಕೆಲವರು. ಈ ಎರಡು ಮಾತುಗಳ ನಡುವೆ ಸಿಕ್ಕಿದ ದುಡಿಯುವ ಮನುಷ್ಯ ಒಂದೋ ಬೇಡದ ಸಾಲಕ್ಕೆ ಬೀಳುತ್ತಾನೆ, ಇಲ್ಲವೇ ಒಂದು ಮೂಕಪ್ರಾಣಿಯ ನೋವನ್ನು ಕಣ್ಣೆದುರಿಗೇ ಬೆಳೆಯಗೊಡುತ್ತಾನೆ. ಎರಡೂ ಆಗಬಾರದು ಎಂಬುದೇ ಇಂದಿನ ಮಾತಿನ ಉದ್ದೇಶ.

ನಾವು ಪಶುವೈದ್ಯರಲ್ಲ. ಪಶುವೈದ್ಯರನ್ನು ಕೇಳಿ, ಓದಿ ತಿಳಿದುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ವೈದ್ಯರ ಬಳಿಗೆ ಹೋಗುವುದು ಬೇಡವೆಂದು ಹೇಳಲು ಅಲ್ಲ, ಹೋದಾಗ ಅವರೆದುರು ಕುಳಿತು ನಾಲ್ಕು ಪ್ರಶ್ನೆ ಕೇಳುವ ಧೈರ್ಯ ನಿಮಗಿರಲಿ ಎಂದು ಹೇಳುತ್ತೇವೆ.

ಮೊಣಕಾಲು ಎಲ್ಲಿದೆ, ಏನಾಗುತ್ತದೆ?

ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಚಿದಂತೆ ಕಾಣುವ ಗಂಟೊಂದಿದೆ. ಬಹುಜನರು ಅದನ್ನೇ ಮೊಣಕಾಲೆಂದು ತಿಳಿದಿದ್ದಾರೆ. ಅದು ನಮ್ಮ ಹಿಮ್ಮಡಿಗೆ ಸಮನಾದದ್ದು. ನಿಜವಾದ ಮೊಣಕಾಲು ಅದರ ಮೇಲೆ, ಹೊಟ್ಟೆಯ ಮಗ್ಗುಲಲ್ಲಿ ಮುಂದಕ್ಕೆ ಬಾಗಿಕೊಂಡಿರುತ್ತದೆ. ನಮ್ಮ ಮಂಡಿಯಲ್ಲಿರುವಂತೆ ಅಲ್ಲಿಯೂ ಒಂದು ಪುಟ್ಟ ಚಿಪ್ಪು ಇದೆ. ಸಣ್ಣ ಜಾತಿಯ ನಾಯಿಯಲ್ಲಿ ಅದು ಹೆಚ್ಚುಕಡಿಮೆ ನೆಲಗಡಲೆ ಬೀಜದಷ್ಟು.

ಊರಿನ ಬಾವಿಯ ರಾಟೆಯನ್ನು ನೆನೆಯಿರಿ. ರಾಟೆಯ ಸುತ್ತ ಒಂದು ತೋಡು ಇರುತ್ತದೆ, ಹಗ್ಗ ಆ ತೋಡಿನಲ್ಲಿ ಓಡುತ್ತದೆ. ನಾಯಿಯ ಮೊಣಕಾಲೂ ಹಾಗೆಯೇ. ತೊಡೆಯ ಮುಂದಿನ ದೊಡ್ಡ ಸ್ನಾಯುವೇ ಹಗ್ಗ. ತೊಡೆಯೆಲುಬಿನ ಕೆಳತುದಿಯಲ್ಲಿರುವ ತೋಡೇ ರಾಟೆ. ಹಗ್ಗದ ನಡುವೆ ಪೋಣಿಸಿದ ಮಣಿಯಂತೆ ಚಿಪ್ಪು ಆ ತೋಡಿನಲ್ಲಿ ಮೇಲೆ ಕೆಳಗೆ ಸರಿಯುತ್ತದೆ. ಹಗ್ಗದ ಕೆಳಗಿನ ತುದಿಯು ಮೊಣಕಾಲಿನ ಕೆಳಗಿನ ಎಲುಬಿನ ಮುಂಭಾಗದಲ್ಲಿರುವ ಒಂದು ಉಬ್ಬಿಗೆ ಕಟ್ಟಿಕೊಂಡಿದೆ. ರಾಟೆಯ ತೋಡು ಆಳವಿಲ್ಲದಿದ್ದರೆ, ಇಲ್ಲವೇ ಹಗ್ಗವನ್ನು ಓರೆಯಾಗಿ ಎಳೆದರೆ ಏನಾಗುತ್ತದೆ? ಹಗ್ಗ ತೋಡಿನಿಂದ ಹೊರಗೆ ಜಾರುತ್ತದೆ. ಗಿರಣಿಯಲ್ಲಿ ಚಕ್ರದ ಮೇಲಿನ ಪಟ್ಟಾ ಕಳಚುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಪ್ಪು ಜಾರುವುದೆಂದರೆ ಇಷ್ಟೇ.

ಪೊಮೆರೇನಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಪುಟ್ಟ ಪೂಡಲ್ ಮುಂತಾದ ಸಣ್ಣ ಜಾತಿಗಳಲ್ಲಿ ಈ ರೋಗ ಹೆಚ್ಚು. ಅವುಗಳಲ್ಲಿ ಚಿಪ್ಪು ಸಾಮಾನ್ಯವಾಗಿ ಒಳಮಗ್ಗುಲಿಗೆ ಜಾರುತ್ತದೆ. ದೊಡ್ಡ ನಾಯಿಗಳಲ್ಲಿ ಹೊರಮಗ್ಗುಲಿಗೆ ಜಾರುವುದೂ ಉಂಟು. ಬಿದ್ದು, ಇಲ್ಲವೇ ಗಾಡಿ ತಗಲಿ ಹೀಗಾಗುವುದು ಇದ್ದರೂ ಬಹುಮಟ್ಟಿಗೆ ಇದು ಹುಟ್ಟಿನಿಂದ ಬಂದ ಎಲುಬಿನ ಓರೆ. ಮರಿ ಬೆಳೆಯುತ್ತ ಅದು ತೋರಿಕೊಳ್ಳುತ್ತದೆ. ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಎರಡು ಕಾಲಿಗೂ ಇರುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ನಾಯಿ ಓಡುತ್ತ ಓಡುತ್ತ ಒಮ್ಮೆಲೇ ಒಂದು ಹಿಂಗಾಲನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಕೆಲವು ಹೆಜ್ಜೆ ಕುಪ್ಪಳಿಸುತ್ತದೆ. ಆಮೇಲೆ ಕಾಲನ್ನು ಹಿಂದಕ್ಕೆ ಝಾಡಿಸಿ, ಏನೂ ಆಗಲೇ ಇಲ್ಲವೆಂಬಂತೆ ನಾಲ್ಕು ಕಾಲಿನಲ್ಲಿ ನಡೆಯುತ್ತದೆ. ಝಾಡಿಸಿದಾಗ ಚಿಪ್ಪು ಮರಳಿ ತೋಡಿಗೆ ಬಿತ್ತೆಂದು ಅರ್ಥ. ಮಕ್ಕಳು ಇದನ್ನು ನೋಡಿ ಕುಣಿತವೆಂದು ಚಪ್ಪಾಳೆ ತಟ್ಟುವುದುಂಟು. ನಾಯಿ ಕೂಗುವುದಿಲ್ಲವಾದ್ದರಿಂದ ದೊಡ್ಡವರೂ ಗಮನ ಕೊಡುವುದಿಲ್ಲ.

ನಾಲ್ಕು ದರ್ಜೆಗಳು

ಈ ರೋಗವನ್ನು ಅಳೆಯಲು ಪಶುವೈದ್ಯರಲ್ಲಿ ನಾಲ್ಕು ದರ್ಜೆಗಳ ಲೆಕ್ಕವೊಂದಿದೆ. 1968–69ರಲ್ಲಿ ಪುಟ್ನಂ ಮತ್ತು ಸಿಂಗಲ್‌ಟನ್ ಎಂಬವರು ಮಾಡಿದ ಈ ವಿಂಗಡಣೆಯನ್ನು ಜಗತ್ತಿನ ವೈದ್ಯರು ಇಂದಿಗೂ ಬಳಸುತ್ತಾರೆ. ನಿಮ್ಮ ನಾಯಿ ಯಾವ ದರ್ಜೆಯಲ್ಲಿದೆ ಎಂದು ತಿಳಿಯದೆ ಶಸ್ತ್ರಕ್ರಿಯೆಯ ಮಾತಿಗೆ ಹೂಂ ಎನ್ನಬೇಡಿ, ಊಹೂಂ ಎನ್ನಲೂ ಬೇಡಿ.

ಮೊದಲನೆಯ ದರ್ಜೆಯಲ್ಲಿ ಚಿಪ್ಪು ತನ್ನ ಜಾಗದಲ್ಲಿಯೇ ಇರುತ್ತದೆ. ವೈದ್ಯರು ಬೆರಳಿನಿಂದ ತಳ್ಳಿದರೆ ಹೊರಗೆ ಹೋಗುತ್ತದೆ, ಬೆರಳು ತೆಗೆದೊಡನೆ ಒಳಗೆ ಬರುತ್ತದೆ. ಎರಡನೆಯದರಲ್ಲಿ ಚಿಪ್ಪು ನಡೆಯುವಾಗ ತಾನಾಗಿಯೇ ಆಗಾಗ ಜಾರುತ್ತದೆ. ನಾಯಿ ಕಾಲು ನೀಡಿದಾಗಲೋ, ಕೈಯಿಂದ ಒತ್ತಿದಾಗಲೋ ಮರಳುತ್ತದೆ. ಮೂರನೆಯದರಲ್ಲಿ ಚಿಪ್ಪು ಹೆಚ್ಚಿನ ಹೊತ್ತು ಹೊರಗೇ ಇರುತ್ತದೆ. ಕೈಯಿಂದ ಒಳಕ್ಕೆ ತರಬಹುದು, ಆದರೆ ಬಿಟ್ಟೊಡನೆ ಮತ್ತೆ ಹೋಗುತ್ತದೆ. ನಾಲ್ಕನೆಯದರಲ್ಲಿ ಚಿಪ್ಪು ಯಾವಾಗಲೂ ಹೊರಗೆ, ಕೈಯಿಂದ ಒತ್ತಿದರೂ ಬರುವುದಿಲ್ಲ. ಅಂಥ ನಾಯಿ ಹಿಂಗಾಲುಗಳನ್ನು ನೇರ ಮಾಡಲಾರದೆ ಕುಕ್ಕುರುಗಾಲಿನಲ್ಲಿ ತೆವಳಿದಂತೆ ನಡೆಯುತ್ತದೆ.

ಈಗ ತೀರ್ಮಾನದ ಮಾತು. ಮೊದಲನೆಯ ದರ್ಜೆಯ ನಾಯಿ ಕುಂಟದಿದ್ದರೆ ಅದಕ್ಕೆ ಶಸ್ತ್ರಕ್ರಿಯೆ ಬೇಡ. ನೋಡುತ್ತಿರಬೇಕು, ಅಷ್ಟೆ. ಮೂರು ಮತ್ತು ನಾಲ್ಕನೆಯ ದರ್ಜೆಯಲ್ಲಿ ನಾಯಿ ಎಳೆಯದಾಗಿದ್ದರೆ, ಕುಂಟುತ್ತಿದ್ದರೆ ಶಸ್ತ್ರಕ್ರಿಯೆಯೇ ದಾರಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ಎಳೆಯ ಎಲುಬು ಬಳ್ಳಿಯಂತೆ. ಓರೆಯಾಗಿ ಎಳೆಯುವ ಸ್ನಾಯುವಿಗೆ ಸಿಕ್ಕಿ ಅದು ತಿಂಗಳಿಂದ ತಿಂಗಳಿಗೆ ಇನ್ನಷ್ಟು ಬಾಗುತ್ತದೆ. ತಡಮಾಡಿದಷ್ಟೂ ತಿದ್ದುವುದು ಕಷ್ಟ. ಅದೇ ದರ್ಜೆಯ ಮುದಿ ನಾಯಿಯೊಂದು ವರ್ಷಗಟ್ಟಲೆ ಹಾಗೆಯೇ ಬದುಕಿಕೊಂಡು ನೋವಿಲ್ಲದೆ ಓಡಾಡಿಕೊಂಡಿದ್ದರೆ ಆರೈಕೆಯಲ್ಲಿಯೇ ಇರಿಸೋಣವೆಂದು ವೈದ್ಯರು ಹೇಳಬಹುದು.

ನಿಜವಾದ ಕವಲುದಾರಿ ಇರುವುದು ಎರಡನೆಯ ದರ್ಜೆಯಲ್ಲಿ. ದರ್ಜೆಯೊಂದೇ ಅಲ್ಲಿ ಉತ್ತರ ಹೇಳುವುದಿಲ್ಲ. ಕುಪ್ಪಳಿಕೆ ವಾರಕ್ಕೊಮ್ಮೆಯೋ, ಗಂಟೆಗೊಮ್ಮೆಯೋ? ಮುಟ್ಟಿದರೆ ನೋಯುತ್ತದೆಯೋ? ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೋ? ನಾಯಿ ಎಳೆಯದೋ, ನಡುವಯಸ್ಸಿನದೋ? ತೂಕ ಎಷ್ಟು? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಮನೆಯವರು. ವೈದ್ಯರು ನಾಯಿಯನ್ನು ನೋಡುವುದು ಸ್ವಲ್ಪ ಹೊತ್ತು, ನಾವು ನೋಡುವುದು ಇಡೀ ದಿನ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿಕೆಯಿಂದ ಕುಂಟುವುದನ್ನೇ ಮರೆಯುವ ನಾಯಿಗಳೂ ಇವೆ. ಆದುದರಿಂದ ಮನೆಯಲ್ಲಿ ಅದು ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ಎಚ್ಚರಿಕೆ. ಇಷ್ಟು ವರ್ಷ ಆಗಾಗ ಕುಪ್ಪಳಿಸುತ್ತಿದ್ದ ನಾಯಿ ಒಂದು ದಿನ ಇದ್ದಕ್ಕಿದ್ದಂತೆ ಕಾಲೂರುವುದನ್ನೇ ಬಿಟ್ಟರೆ, ಹಳೆಯ ಕುಂಟೇ ಎಂದು ಸುಮ್ಮನಿರಬೇಡಿ. ಮೊಣಕಾಲಿನ ಒಳಗೆ ಎರಡು ಎಲುಬುಗಳನ್ನು ಹಿಡಿದಿಡುವ ಅಡ್ಡಕಟ್ಟು ಒಂದಿದೆ. ಚಿಪ್ಪು ಜಾರುವ ನಾಯಿಗಳಲ್ಲಿ ವಯಸ್ಸಾಗುತ್ತ ಆ ಕಟ್ಟು ಹರಿಯುವುದುಂಟು. ಹಾಗಾದರೆ ಹಿಂದೆ ಮಾಡಿದ ಲೆಕ್ಕವೆಲ್ಲ ಬದಲಾಗುತ್ತದೆ, ವೈದ್ಯರು ಹೊಸದಾಗಿ ನೋಡಬೇಕು.

ಆರೈಕೆ ಎಂದರೆ ಸುಮ್ಮನಿರುವುದಲ್ಲ

ಶಸ್ತ್ರಕ್ರಿಯೆ ಬೇಡವೆಂದು ವೈದ್ಯರು ಹೇಳಿದೊಡನೆ "ಬದುಕಿದೆವು" ಎಂದು ಕೈತೊಳೆದುಕೊಳ್ಳುವವರು ಬಹಳ. ಇಲ್ಲಿಯೇ ನಮ್ಮವರು ಎಡವುವುದು. ಆರೈಕೆಯೂ ಒಂದು ಚಿಕಿತ್ಸೆ. ಅದನ್ನು ದಿನಾಲೂ ಮಾಡಬೇಕು. ಮಾಡದಿದ್ದರೆ ನಾವು ಆರಿಸಿಕೊಂಡದ್ದು ಆರೈಕೆಯಲ್ಲ, ಅಲಕ್ಷ್ಯ.

ಮೊದಲನೆಯದು ತೂಕ. ಜಾರುವ ಚಿಪ್ಪಿನ ಮೇಲೆ ಹೊರುವ ಪ್ರತಿ ತೂಕವೂ ಕೀಲನ್ನು ಸವೆಸುತ್ತದೆ. ಹೋಟೆಲಿನಲ್ಲಿ ಕೆಲಸ ಮಾಡುವ ನಮಗೆ ಈ ಮಾತು ನೇರವಾಗಿ ತಗಲಬೇಕು. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಉಳಿದ ವಡೆ, ಬೋಂಡ, ತುಪ್ಪದ ದೋಸೆಯ ಚೂರು, ಶಿರಾ ಎಲ್ಲವೂ ಪೊಟ್ಟಣವಾಗಿ ಮನೆಯ ನಾಯಿಗೆ ಹೋಗುತ್ತವೆ. ಪ್ರೀತಿಯಿಂದಲೇ ಕೊಡುತ್ತೇವೆ, ಆದರೆ ಆ ಪ್ರೀತಿಯನ್ನು ಹೊರುವುದು ನಾಯಿಯ ಮಂಡಿ. ಅದೂ ಅಲ್ಲದೆ ಆಲೂಗಡ್ಡೆ ಪಲ್ಯದ ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಶಿರಾದಲ್ಲಿಯೂ ಪಾಯಸದಲ್ಲಿಯೂ ಹಾಕುವ ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ನಾಯಿಯ ಪಕ್ಕೆಯ ಮೇಲೆ ಮೆಲ್ಲನೆ ಕೈಯಾಡಿಸಿದಾಗ ಎಲುಬುಗಳು ಬೆರಳಿಗೆ ಎಣಿಸಲು ಸಿಗಬೇಕು, ಮೇಲಿನಿಂದ ನೋಡಿದರೆ ನಡು ಸ್ವಲ್ಪ ಸಣ್ಣಗಾಗಿ ಕಾಣಬೇಕು. ಹಾಗಿಲ್ಲದಿದ್ದರೆ ತೂಕ ಇಳಿಸಬೇಕು.

ಎರಡನೆಯದು ನೆಲ. ನಮ್ಮ ಖೋಲಿಗಳ ನುಣುಪು ಫರಸಿಯ ಮೇಲೆ ನಾಯಿಯ ಕಾಲು ಜಾರುತ್ತದೆ. ಅದು ಓಡಾಡುವ ಜಾಗದಲ್ಲಿ ಹಳೆಯ ಚಾಪೆಯನ್ನೋ, ಗೋಣಿಚೀಲವನ್ನೋ ಸರಿಯದಂತೆ ಹಾಸಿ. ಉಗುರುಗಳನ್ನು ಕತ್ತರಿಸಿಡಿ. ಉದ್ದಗೂದಲಿನ ನಾಯಿಯಾದರೆ ಪಾದದ ಅಡಿಯ ಕೂದಲನ್ನೂ ಕತ್ತರಿಸಿ. ಮಂಚದಿಂದ ಹಾರುವುದನ್ನು, ಮೆಟ್ಟಿಲಿಳಿದು ಓಡುವುದನ್ನು ತಪ್ಪಿಸಿ.

ಮೂರನೆಯದು ನಡಿಗೆ. ಕಾಲು ನೋಯುತ್ತದೆಂದು ನಾಯಿಯನ್ನು ಕಟ್ಟಿಹಾಕಿದರೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಹಗ್ಗ ಸಡಿಲವಾಗುತ್ತದೆ, ಚಿಪ್ಪು ಮತ್ತಷ್ಟು ಜಾರುತ್ತದೆ. ದಿನಕ್ಕೆ ಎರಡು ಮೂರು ಬಾರಿ ಸಮನಾದ ನೆಲದ ಮೇಲೆ, ಹಗ್ಗ ಹಿಡಿದು, ನಿಧಾನವಾಗಿ ನಡೆಸಿ. ನಿಧಾನವಾಗಿ ನಡೆಯುವ ನಾಯಿ ನಾಲ್ಕೂ ಕಾಲನ್ನು ಊರುತ್ತದೆ, ಓಡುವ ನಾಯಿ ಕೆಟ್ಟ ಕಾಲನ್ನು ಎತ್ತಿಕೊಂಡು ತಪ್ಪಿಸಿಕೊಳ್ಳುತ್ತದೆ. ಕುಳ್ಳಿರಿಸಿ ಏಳಿಸುವ ಅಭ್ಯಾಸ ತೊಡೆಗೆ ಒಳ್ಳೆಯದು. ಎಷ್ಟು ಸಲವೆಂದು ವೈದ್ಯರನ್ನು ಕೇಳಿಕೊಳ್ಳಿ.

ನಾಲ್ಕನೆಯದು ಔಷಧ. ನೋವಿದ್ದರೆ ವೈದ್ಯರು ನಾಯಿಗೆಂದೇ ಇರುವ ಮಾತ್ರೆ ಕೊಡುತ್ತಾರೆ. ನಿಮ್ಮ ಜೇಬಿನಲ್ಲಿರುವ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಮನುಷ್ಯರ ನೋವಿನ ಮಾತ್ರೆಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ. ಹಾಗೆಯೇ ಎಣ್ಣೆ ಹಚ್ಚಿ ಕಾಲನ್ನು ಎಳೆದು, ಬಿದಿರ ಪಟ್ಟಿ ಕಟ್ಟಿಸುವುದೂ ಬೇಡ. ಇಲ್ಲಿ ಎಲುಬು ಮುರಿದಿಲ್ಲ. ಕಟ್ಟಿದ ಪಟ್ಟಿ ಚಿಪ್ಪನ್ನು ತೋಡಿನಲ್ಲಿ ಹಿಡಿದಿಡಲಾರದು, ಕಾಲನ್ನು ಮಾತ್ರ ಸೊರಗಿಸುತ್ತದೆ.

ಐದನೆಯದು ಲೆಕ್ಕ. ಗಿರಣಿಯಲ್ಲಿ ಹಾಜರಿ ಪುಸ್ತಕ ಇದ್ದಂತೆ ನಾಯಿಗೂ ಒಂದು ಪುಸ್ತಕವಿರಲಿ. ಇಂದು ಎಷ್ಟು ಸಲ ಕುಪ್ಪಳಿಸಿತು, ಯಾವ ಕಾಲು, ತೂಕ ಎಷ್ಟು ಎಂದು ಬರೆಯಿರಿ. ಆರೆಂಟು ವಾರಗಳಾದ ಮೇಲೆ ಮತ್ತೆ ವೈದ್ಯರ ಬಳಿ ಹೋಗುವ ದಿನವನ್ನು ಇಂದೇ ಗೊತ್ತುಮಾಡಿ. ಲೆಕ್ಕದಲ್ಲಿ ಕುಪ್ಪಳಿಕೆ ಇಳಿದಿದ್ದರೆ ಆರೈಕೆ ಫಲಿಸಿತು. ಏರಿದ್ದರೆ, ಕಾಲು ಬಾಗುತ್ತಿದ್ದರೆ, ನಾಯಿ ಆಟವನ್ನೇ ಬಿಟ್ಟಿದ್ದರೆ, ಆರೈಕೆಯ ಕಾಲ ಮುಗಿಯಿತೆಂದು ತಿಳಿಯಬೇಕು. ಆರೈಕೆ ಕೀಲಿನ ಓರೆಯನ್ನು ತಿದ್ದುವುದಿಲ್ಲ, ಅದರೊಡನೆ ಬಾಳಲು ನೆರವಾಗುತ್ತದೆ. ಇದನ್ನು ಮರೆಯಬಾರದು.

ಶಸ್ತ್ರಕ್ರಿಯೆಯಲ್ಲಿ ಮಾಡುವುದೇನು?

ಮತ್ತೆ ರಾಟೆಯನ್ನೇ ನೆನೆಯಿರಿ. ಹಗ್ಗ ಜಾರುವ ರಾಟೆಯನ್ನು ಸರಿಮಾಡಲು ಬಡಗಿ ಏನು ಮಾಡುತ್ತಾನೆ? ತೋಡನ್ನು ಆಳಮಾಡುತ್ತಾನೆ, ಹಗ್ಗ ಕಟ್ಟಿದ ಗೂಟವನ್ನು ನೇರಕ್ಕೆ ಸರಿಸುತ್ತಾನೆ. ವೈದ್ಯರು ಮಾಡುವುದೂ ಹೆಚ್ಚುಕಡಿಮೆ ಅದೇ. ತೊಡೆಯೆಲುಬಿನ ತೋಡನ್ನು ಆಳಮಾಡುತ್ತಾರೆ. ಕೆಳಗಿನ ಎಲುಬಿನ ಉಬ್ಬನ್ನು ಕತ್ತರಿಸಿ, ಎಳೆತ ನೇರವಾಗುವ ಕಡೆಗೆ ಸರಿಸಿ, ಸೂಜಿಯಂಥ ಲೋಹದ ಕಡ್ಡಿಗಳಿಂದ ಕೂರಿಸುತ್ತಾರೆ. ಚಿಪ್ಪು ಜಾರುವ ಕಡೆಯ ಬಿಗಿಯನ್ನು ಸಡಿಲಿಸಿ, ಎದುರು ಕಡೆಯ ಸಡಿಲವನ್ನು ಬಿಗಿದು ಹೊಲಿಯುತ್ತಾರೆ. ಎಲುಬೇ ಬಹಳ ಬಾಗಿದ್ದರೆ ಅದನ್ನು ಕತ್ತರಿಸಿ ನೇರ ಮಾಡಬೇಕಾಗುವುದೂ ಉಂಟು. ಇವುಗಳಲ್ಲಿ ಯಾವುದು ಬೇಕೆಂಬುದು ಎಕ್ಸ್‌ರೇ ಮತ್ತು ಕೈಪರೀಕ್ಷೆಯಿಂದ ತಿಳಿಯುತ್ತದೆ.

ಎರಡು, ಮೂರನೆಯ ದರ್ಜೆಯ ಸಣ್ಣ ನಾಯಿಗಳಲ್ಲಿ ಫಲ ಸಾಮಾನ್ಯವಾಗಿ ಒಳ್ಳೆಯದಿರುತ್ತದೆ. ನಾಲ್ಕನೆಯ ದರ್ಜೆಯಲ್ಲಿ ಅಷ್ಟು ಭರವಸೆ ಹೇಳಲಾಗದು. ಭಾರವಾದ ನಾಯಿಗಳಲ್ಲಿ ತೊಡಕುಗಳು ಹೆಚ್ಚು. ಚಿಪ್ಪು ಮತ್ತೆ ಜಾರಬಹುದು, ಕಡ್ಡಿ ಸಡಿಲವಾಗಬಹುದು, ಗಾಯ ಕೀವಾಗಬಹುದು, ಕೆಲವೊಮ್ಮೆ ಎರಡನೆಯ ಸಲ ಮೇಜು ಹತ್ತಬೇಕಾಗಬಹುದು. ಕೀಲು ಆಗಲೇ ಸವೆದಿದ್ದರೆ ಆ ಸವೆತ ಮರಳಿ ತುಂಬುವುದಿಲ್ಲ. ಇದೆಲ್ಲವನ್ನೂ ವೈದ್ಯರು ಮೊದಲೇ ಹೇಳಬೇಕು, ಹೇಳದಿದ್ದರೆ ನಾವು ಕೇಳಬೇಕು.

ಕೇಳಬೇಕಾದ ಪ್ರಶ್ನೆಗಳು ಇವು: ಯಾವ ದರ್ಜೆ? ಎರಡು ಕಾಲೂ ಕೆಟ್ಟಿದೆಯೋ? ಆರೆಂಟು ವಾರ ಆರೈಕೆ ಮಾಡಿ ನೋಡಿದರೆ ನಷ್ಟವುಂಟೋ? ಈ ಶಸ್ತ್ರಕ್ರಿಯೆಯನ್ನು ತಾವು ಆಗಾಗ ಮಾಡುತ್ತೀರೋ? ಎಕ್ಸ್‌ರೇ, ಅರಿವಳಿಕೆ, ಔಷಧ, ಮರುಪರೀಕ್ಷೆ ಎಲ್ಲ ಸೇರಿ ಖರ್ಚು ಎಷ್ಟೆಂದು ಬರೆದುಕೊಡುವಿರೋ? ಹೀಗೆ ಕೇಳುವುದು ಅಪಮಾನವಲ್ಲ. ಒಳ್ಳೆಯ ವೈದ್ಯರು ಸಂತೋಷದಿಂದಲೇ ಉತ್ತರಿಸುತ್ತಾರೆ.

ಆದರೆ ಬಂಧುಗಳೇ, ಶಸ್ತ್ರಕ್ರಿಯೆ ಒಂದು ದಿನದ ಕೆಲಸ, ಶುಶ್ರೂಷೆ ಆರೆಂಟು ವಾರದ್ದು. ಸುಮಾರು ಎರಡು ವಾರ ನಾಯಿ ಹೊಲಿಗೆಯನ್ನು ನೆಕ್ಕದಂತೆ ಕುತ್ತಿಗೆಗೆ ಲಾಳಿಕೆಯಂಥ ಪಟ್ಟಿ ಹಾಕಬೇಕು. ಕತ್ತರಿಸಿ ಕೂರಿಸಿದ ಎಲುಬು ಕೂಡುವವರೆಗೆ ಹಾರುವಂತಿಲ್ಲ, ಓಡುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ. ಮೂರನೆಯ ಮಾಳಿಗೆಯ ಖೋಲಿಯಾದರೆ ದಿನಕ್ಕೆ ನಾಲ್ಕು ಬಾರಿ ಯಾರಾದರೂ ಅದನ್ನು ಎತ್ತಿಕೊಂಡು ಇಳಿಸಿ ಹತ್ತಿಸಬೇಕು. ಬೆಳಗಿನ ಪಾಳಿಗೆ ಹೋದವನು ರಾತ್ರಿ ಮರಳುವ ಮನೆಯಲ್ಲಿ ಇದನ್ನು ಮಾಡುವವರು ಯಾರು? ಹಣ ಹೊಂದಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಹೊಂದಿಸಬೇಕು. ಒಳ್ಳೆಯ ಕೈಯಿಂದ ಆದ ಶಸ್ತ್ರಕ್ರಿಯೆಯನ್ನೂ ಮಂಚದಿಂದ ಹಾರಿದ ಒಂದು ಹಾರಿಕೆ ಕೆಡಿಸಿಬಿಡಬಹುದು.

ಎರಡು ಮನೆಗಳ ತೀರ್ಮಾನ

ಸಾಲ ಕೇಳಲು ಬಂದ ಆ ಇಬ್ಬರು ಸದಸ್ಯರ ಮಾತಿಗೆ ಬರೋಣ. ಒಬ್ಬರು ಹೋಟೆಲಿನ ಅಡುಗೆಯವರು. ಅವರದು ಆರು ವರ್ಷದ ಬಿಳಿ ಸ್ಪಿಟ್ಜ್ ನಾಯಿ. ಎರಡನೆಯ ದರ್ಜೆ, ಬಲಗಾಲು ಮಾತ್ರ. ದಿನಕ್ಕೆ ನಾಲ್ಕಾರು ಸಲ ಕುಪ್ಪಳಿಸುತ್ತಿತ್ತು, ಮುಟ್ಟಿದರೆ ನೋವಿರಲಿಲ್ಲ. ತೂಕ ಒಂಬತ್ತು ಕಿಲೋ. ಏಳು ಕಿಲೋ ಆದರೆ ಸಾಕೆಂದು ವೈದ್ಯರು ಹೇಳಿದರು, ಶಸ್ತ್ರಕ್ರಿಯೆಯನ್ನು ಮುಂದಕ್ಕೆ ಹಾಕಿದರು. ಅಡುಗೆಯವರ ಮನೆಯಾಕೆ ಪೊಟ್ಟಣ ತರುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದರು. ಬೆಳಿಗ್ಗೆ ಸಂಜೆ ಅಳತೆಯ ಊಟ, ಎರಡು ಹೊತ್ತು ನಡಿಗೆ. ಐದು ತಿಂಗಳಲ್ಲಿ ತೂಕ ಏಳಕ್ಕೆ ಇಳಿಯಿತು. ಈಗ ಕುಪ್ಪಳಿಕೆ ವಾರಕ್ಕೆ ಒಂದೆರಡು ಸಲ. ಸಾಲದ ಅರ್ಜಿಯನ್ನು ಅವರು ತಾವಾಗಿಯೇ ಹಿಂದಕ್ಕೆ ಪಡೆದರು.

ಇನ್ನೊಬ್ಬರು ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಕ್ಕಳಿಗೆಂದು ತಂದ ಪೊಮೆರೇನಿಯನ್ ಮರಿಗೆ ಏಳು ತಿಂಗಳು. ಎರಡು ಕಾಲಿಗೂ ಮೂರನೆಯ ದರ್ಜೆ, ಕಾಲುಗಳು ಆಗಲೇ ಬಿಲ್ಲಿನಂತೆ ಬಾಗತೊಡಗಿದ್ದವು. ಎರಡು ಕಡೆ ತೋರಿಸಿದರು, ಎರಡು ಕಡೆಯೂ ತಡಮಾಡಬೇಡಿ ಎಂದರು. ಸಂಘ ಸಾಲ ಕೊಟ್ಟಿತು. ಮೊದಲು ಎಡಗಾಲು, ಅದು ಕೂಡಿದ ಮೇಲೆ ಬಲಗಾಲು. ಖೋಲಿಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿಟ್ಟು ಮನೆಯವರೆಲ್ಲ ನಾಲ್ಕು ತಿಂಗಳು ನೆಲದ ಮೇಲೆ ಮಲಗಿದರು, ಮರಿ ಹತ್ತಿ ಹಾರಬಾರದೆಂದು. ಅಜ್ಜ ಹಗಲು, ಮಗ ರಾತ್ರಿ, ಹೀಗೆ ಪಾಳಿ ಹಾಕಿಕೊಂಡು ಎತ್ತಿ ಇಳಿಸಿದರು. ಇಂದು ಆ ನಾಯಿ ನೇರ ನಡೆಯುತ್ತದೆ. ಬಲಗಾಲಿನ ಚಿಪ್ಪನ್ನು ವೈದ್ಯರು ಬೆರಳಿನಿಂದ ತಳ್ಳಿದರೆ ಇಂದಿಗೂ ಸ್ವಲ್ಪ ಸರಿಯುತ್ತದಂತೆ, ಆದರೆ ನಡೆಯುವಾಗ ಜಾರುವುದಿಲ್ಲ. ಸಾಲದ ಕಂತು ಇನ್ನೂ ಕೆಲವು ಬಾಕಿ ಇವೆ.

ಒಂದೇ ರೋಗ, ಎರಡು ತೀರ್ಮಾನ, ಎರಡೂ ಸರಿ. ಅಡುಗೆಯವರು ಹೆದರಿ ಸಾಲಮಾಡಿದ್ದರೆ ಆರೈಕೆಯಿಂದ ಆಗುವ ಕೆಲಸಕ್ಕೆ ಸಾಲ ತೀರಿಸುತ್ತ ಕೂರಬೇಕಾಗುತ್ತಿತ್ತು. ಅಜ್ಜ "ತಾನಾಗಿ ಸರಿಹೋಗುತ್ತದೆ" ಎಂಬ ಮಾತು ಕೇಳಿದ್ದರೆ ಮರಿಯ ಕಾಲು ಇನ್ನಷ್ಟು ಬಾಗಿ, ಮುಂದೆ ಯಾವ ವೈದ್ಯರೂ ಸುಲಭವಾಗಿ ತಿದ್ದಲಾಗದ ಸ್ಥಿತಿಗೆ ಬರುತ್ತಿತ್ತು.

ಹಣದ ಮಾತು

ಮುಚ್ಚುಮರೆಯಿಲ್ಲದೆ ಹಣದ ಮಾತನ್ನೂ ಆಡೋಣ. ಖರ್ಚು ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಬೇರೆಯಾಗುತ್ತದೆ. ನಿಮ್ಮ ಕೈಲಿ ಎಷ್ಟಾಗುತ್ತದೆ ಎಂಬುದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಹಣವಿಲ್ಲವೆಂದು ನಾಚಿ ಆಸ್ಪತ್ರೆಗೆ ಹೋಗದಿರುವುದೇ ನಾಯಿಗೆ ಹೆಚ್ಚಿನ ಕೆಡುಕು. ಎಷ್ಟೋ ಸಲ ಕೇಳಿದ ಮೇಲೆ ತಿಳಿಯುತ್ತದೆ, ಭಯಪಟ್ಟ ಖರ್ಚು ಈಗ ಬೇಕಾಗಿಯೇ ಇಲ್ಲವೆಂದು.

ಮುಂಬಯಿಯಲ್ಲಿರುವ ನಮಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. ನಮ್ಮ ಹಿರಿಯರು ದುಡಿದ ಗಿರಣಿಗಳ ಕೇರಿಯಾದ ಪರೇಲಿನಲ್ಲಿಯೇ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. 1874ರಲ್ಲಿ ಆರಂಭವಾದ ಪ್ರಾಣಿದಯಾ ಸಂಘಕ್ಕೆ ಸೇರಿದ ಈ ಆಸ್ಪತ್ರೆಗೆ ಗಿರಣಿ ಮಾಲಿಕ ಸರ್ ದಿನ್‌ಶಾ ಮಾಣೆಕ್‌ಜಿ ಪೆಟಿಟರ ಪತ್ನಿಯ ಹೆಸರಿದೆ. ಅದರ ಮಗ್ಗುಲಲ್ಲಿಯೇ 1886ರಲ್ಲಿ ಸ್ಥಾಪಿತವಾದ ಮುಂಬಯಿ ಪಶುವೈದ್ಯ ಕಾಲೇಜು. 1982ರ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳ ಭೋಂಗಾ ನಿಂತವು, ಆದರೆ ಗಿರಣಿಯ ಹಣದ ಹೆಸರು ಹೊತ್ತ ಆ ಆಸ್ಪತ್ರೆಯ ಬಾಗಿಲು ತೆರೆದೇ ಇದೆ. ಗಿರಣಿಯ ಹಣ ಬಂದದ್ದು ಯಾರ ಬೆವರಿನಿಂದ ಎಂಬುದು ನಿಮಗೆ ಗೊತ್ತು. ಆದುದರಿಂದ ಅಲ್ಲಿಗೆ ಹೋಗಲು ಸಂಕೋಚ ಬೇಡ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟಿನ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ತೆರೆದಿದೆ. ಎಲ್ಲಿಗೇ ಹೋದರೂ ಮೊದಲು ದರ ವಿಚಾರಿಸಿ, ಎರಡು ಕಡೆ ಕೇಳಿ, ಆಮೇಲೆ ನಿರ್ಧರಿಸಿ.

ಹಣವೂ ಇಲ್ಲ, ಶುಶ್ರೂಷೆಗೆ ಜನವೂ ಇಲ್ಲ ಎಂದು ಕುಂಟು ನಾಯಿಯನ್ನು ಚೌಪಾಟಿಯಲ್ಲೋ ಮಾರುಕಟ್ಟೆಯಲ್ಲೋ ಬಿಟ್ಟುಬರುವವರನ್ನು ಕಂಡಿದ್ದೇವೆ. ಇದು ಮನುಷ್ಯತ್ವಕ್ಕೆ ಒಪ್ಪುವ ಕೆಲಸವಲ್ಲ. ಕಾನೂನಿಗೂ ಒಪ್ಪದು: ಹಸಿವು ಬಾಯಾರಿಕೆಗೆ ಸಿಕ್ಕಿ ನರಳುವಂತೆ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಅಂಥ ಇಕ್ಕಟ್ಟು ಬಂದರೆ ಸಂಘದ ಕಚೇರಿಗೆ ಬನ್ನಿ. ಸಾಲವೊಂದೇ ಅಲ್ಲ, ಹಗಲು ಹೊತ್ತು ನಾಯಿಯನ್ನು ನೋಡಿಕೊಳ್ಳುವ ನೆರೆಯವರೂ ಒಂದು ಸಹಾಯವೇ. ಚಾಳಿನಲ್ಲಿ ಬಾಣಂತಿಗೆ, ಮುದುಕರಿಗೆ ಪಾಳಿಯಂತೆ ಕೂರುವ ನಾವು ಒಂದು ನಾಯಿಯನ್ನು ಎತ್ತಿ ಇಳಿಸಲಾರೆವೇ?

ಕೊನೆಯದಾಗಿ ಎರಡು ಮಾತು. ಹೊಸದಾಗಿ ಮರಿ ಕೊಳ್ಳುವವರು ತಾಯಿ ನಾಯಿ ನಡೆಯುವುದನ್ನು ನೋಡಿ ಕೊಳ್ಳಿರಿ. ಮೊದಲ ಲಸಿಕೆಗೆ ಹೋದಾಗಲೇ "ಮಂಡಿ ನೋಡಿ ಡಾಕ್ಟರೇ" ಎಂದು ಹೇಳಿರಿ. ಅದಕ್ಕೆ ಹಿಡಿಯುವುದು 2 ನಿಮಿಷ. ಚಿಪ್ಪು ಜಾರುವ ನಾಯಿಯಿಂದ ಮರಿ ಮಾಡಿಸಬೇಡಿ. ಹುಟ್ಟಿನಿಂದ ಬರುವ ಓರೆಯನ್ನು ಮಾರಿ ಇನ್ನೊಂದು ಬಡಮನೆಗೆ ದಾಟಿಸುವುದು ನ್ಯಾಯವಲ್ಲ.

ಇನ್ನು ಮನೆಗೆ ಹೋಗಿ ನಿಮ್ಮ ನಾಯಿಯನ್ನು ಒಮ್ಮೆ ನಡೆಸಿ ನೋಡಿ. ಕುಪ್ಪಳಿಸಿದರೆ ನಾಳೆಯೇ ಪುಸ್ತಕ ತೆರೆಯಿರಿ, ಈ ವಾರದಲ್ಲಿಯೇ ವೈದ್ಯರಿಗೆ ತೋರಿಸಿ ದರ್ಜೆ ಬರೆಸಿಕೊಳ್ಳಿ. ಪ್ರಶ್ನೆಗಳಿದ್ದವರು ಸಭೆ ಮುಗಿದ ಮೇಲೆ ಇಲ್ಲಿಯೇ ಕುಳಿತುಕೊಳ್ಳಿ, ಚಹಾ ಕುಡಿಯುತ್ತ ಮಾತಾಡೋಣ.